ಅಂತಿಗೊನೆಯ ಕೈಗಳು

ಚಿ. ಮೇಧಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸೋಫೋಕ್ಲಿಸನ ಗ್ರೀಕ್ ನಾಟಕದ ನಾಯಕಿ ಅಂತಿಗೊನೆಯ ನೀನು ಕಳಿಸಿದ ಚಿತ್ರ ನೋಡಿದೆ. ದೊರೆ ಅವಳನ್ನು ಬಂಧಿಸಿಟ್ಟ ಗುಹೆಯ ಕತ್ತಲು ಚೆನ್ನಾಗಿ ಬಂದಿದೆ. ಆದರೆ ನೇಣು ಹಾಕಿಕೊಂಡವಳ ಮುಖ ನಿದ್ದೆ ಹೋದವಳಂತೆ ಅಷ್ಟು ಚೆಲುವಾಗಿ ಏಕಿದೆ? ನಾಟಕಕ್ಕಿಂತ ಇಂಗ್ಲಿಷ್ ಚಿತ್ರಕಾರ ಮಿಲೇ ಬರೆದ, ಹೊಳೆಯಲ್ಲಿ ಮುಳುಗುವ ಒಫೀಲಿಯಾಳನ್ನೇ ಹೆಚ್ಚು ನೋಡಿದ್ದೀಯ ಎಂದು ನನ್ನ ಗುಮಾನಿ.

ಆ ಚಿತ್ರದ ಮೇಲೆ ನನಗೆ ಹಗೆಯಿಲ್ಲ. 1851ರಲ್ಲಿ ಆತ ಸರ್ರೆಯ ಹಾಗ್ಸ್‌ಮಿಲ್ ಹೊಳೆಯ ದಂಡೆಯಲ್ಲಿ ತಿಂಗಳುಗಟ್ಟಲೆ ಕುಳಿತು ಗಿಡಗಂಟಿಗಳನ್ನು ಎಲೆ ಎಲೆಯಾಗಿ ಬರೆದ. ಹುಡುಗಿಯನ್ನು ಬರೆದದ್ದು ಆಮೇಲೆ, ಲಂಡನ್ನಿನಲ್ಲಿ. ರೂಪದರ್ಶಿ ಎಲಿಜಬೆತ್ ಸಿಡಲ್ ಸ್ನಾನದ ತೊಟ್ಟಿಯಲ್ಲಿ ಮಲಗಿದ್ದಳು. ನೀರು ಬೆಚ್ಚಗಿರಲೆಂದು ಕೆಳಗಿಟ್ಟ ದೀಪಗಳು ಆರಿಹೋಗಿ ಅವಳಿಗೆ ಶೀತ ಹಿಡಿಯಿತು. ವೈದ್ಯರ ಖರ್ಚು ಕೊಡದಿದ್ದರೆ ಕೋರ್ಟಿಗೆ ಎಳೆಯುತ್ತೇನೆಂದು ಅವಳ ತಂದೆ ಗದರಿದ್ದು ನ್ಯಾಯವೇ. ಶೇಕ್ಸ್‌ಪಿಯರ್ ‘ಹ್ಯಾಮ್ಲೆಟ್’ ನಾಟಕದಲ್ಲಿ ಒಫೀಲಿಯಾಳ ಈ ಸಾವನ್ನು ರಂಗದ ಮೇಲೆ ತರಲೇ ಇಲ್ಲ. ರಾಣಿ ಗರ್ಟ್ರೂಡ್ ಬಂದು ಹೇಳುತ್ತಾಳೆ, ಅಷ್ಟೇ. ರಂಗ ಬಚ್ಚಿಟ್ಟದ್ದನ್ನು ತೋರಿಸುವ ಆಸೆ ಚಿತ್ರಕಾರರಿಗೆ ಸಹಜ. ಎಷ್ಟೋ ಜನರ ಕೈಯಲ್ಲಿ ನಾಯಕಿ ಚೆಂದದ ಹೆಣವಾಗುವುದು ಆಗಲೇ.

ನಾಟಕದಲ್ಲಿ ಇಲ್ಲದ್ದನ್ನು ಬರೆಯಲೇಬಾರದೆಂದಲ್ಲ. ಚಿತ್ರಕಾರ ಸಾರ್ಜೆಂಟ್ 1889ರಲ್ಲಿ ಬರೆದ ಲೇಡಿ ಮ್ಯಾಕ್‌ಬೆತ್ ಕಿರೀಟವನ್ನು ತಾನೇ ಎತ್ತಿ ತಲೆಗಿಡುತ್ತಾಳೆ. ಶೇಕ್ಸ್‌ಪಿಯರನಲ್ಲಿ ಅಂಥ ದೃಶ್ಯವಿಲ್ಲ, ಅವಳ ಹಂಬಲ ಮಾತ್ರ ಪೂರ್ತಿ ಅಲ್ಲಿದೆ.

ಫ್ರೆಂಚ್ ಚಿತ್ರಕಾರ ದೆಲಾಕ್ರವಾ 1838ರಲ್ಲಿ ಬರೆದ ಮೀಡಿಯಾಳನ್ನೂ ನೋಡು. ಗ್ರೀಕ್ ನಾಟಕಕಾರ ಯೂರಿಪಿಡೀಸನಲ್ಲಿ ಅವಳು ಮಾಡುವ ತನ್ನ ಮಕ್ಕಳ ಕೊಲೆ ಬಾಗಿಲ ಹಿಂದೆ ನಡೆಯುತ್ತದೆ. ನಮಗೆ ಕೇಳುವುದು ಕೂಗು. ಇವನೂ ಕೊಲೆಯನ್ನು ಬರೆಯಲಿಲ್ಲ. ಮಕ್ಕಳಿಬ್ಬರನ್ನೂ ಅವುಚಿಕೊಂಡ ತಾಯಿ, ಕೈಯಲ್ಲಿ ಕಠಾರಿ, ಹಿಂದಕ್ಕೆ ತಿರುಗಿದ ಮುಖದಲ್ಲಿ ಕಣ್ಣಿನ ಮೇಲೆ ನೆರಳು. ಅವುಚಿಕೊಂಡದ್ದು ಕಾಯುವುದಕ್ಕೋ ಕೊಲ್ಲುವುದಕ್ಕೋ ಎಂದು ನೋಡುವವರ ಜೀವ ಒದ್ದಾಡುತ್ತದೆ.

ನಿನ್ನ ಅಂತಿಗೊನೆಗೂ ಅಂಥ ಗಳಿಗೆಯೊಂದಿದೆ. ದೊರೆ ಕ್ರಿಯಾನನಿಗೆ ಕಾವಲುಗಾರ ಒಪ್ಪಿಸುವ ವರದಿಯನ್ನು ಮತ್ತೆ ಓದು. ಧೂಳಿನ ಬಿರುಗಾಳಿ ಅಡಗಿದ ಮೇಲೆ ಅವಳು ಕಾಣಿಸುತ್ತಾಳೆ. ಹೂಳಕೂಡದೆಂದು ದೊರೆ ಅಪ್ಪಣೆ ಮಾಡಿದ್ದ ಸೋದರನ ಶವದ ಮೇಲಿನ ಮಣ್ಣನ್ನು ಯಾರೋ ಗುಡಿಸಿರುವುದನ್ನು ಕಂಡು, ಮರಿಗಳಿಲ್ಲದ ಗೂಡು ಕಂಡ ಹಕ್ಕಿಯಂತೆ ಚೀರುತ್ತಾಳೆ. ಕೈಯಾರೆ ಒಣಮಣ್ಣು ತಂದು ಹಾಕುತ್ತಾಳೆ, ಕಂಚಿನ ಪಾತ್ರೆಯೆತ್ತಿ ಮೂರು ಸಲ ತರ್ಪಣ ಬಿಡುತ್ತಾಳೆ. ಹಿಡಿದಾಗ ಬೆದರುವುದೂ ಇಲ್ಲ, ಸುಳ್ಳಾಡುವುದೂ ಇಲ್ಲ. ಇಂಥವಳನ್ನು ಬಿಟ್ಟು ಗುಹೆಗೇಕೆ ಹೋದೆಯೋ!

ಮುಖವನ್ನು ಸದ್ಯಕ್ಕೆ ಬಿಡು. ಉಗುರಿನ ಸಂದಿಯಲ್ಲಿ ಮಣ್ಣು ಮೆತ್ತಿದ ಆ ಕೈಗಳನ್ನು ಇದ್ದಿಲಿನಲ್ಲಿ ಹತ್ತಾರು ಸಲ ಬರೆದು ಕಳಿಸು. ಗೆರೆ ದಪ್ಪಗಿರಲಿ, ನನ್ನ ಕಣ್ಣು ಮೊದಲಿನಂತಿಲ್ಲ. ಗುಹೆಯ ಚಿತ್ರವನ್ನು ಹರಿದುಹಾಕಬೇಡ. ಆ ಕತ್ತಲನ್ನು ಇನ್ನೊಂದು ಚಿತ್ರಕ್ಕೆ ಬಳಸಬಹುದು.

ಇಂತಿ,
ನಿನ್ನ ದೊಡ್ಡಮ್ಮ