ಬೀಗ ಹಾಕಿದ ಮನೆಯ ಅಂಗಳ

ಕಡಿಯಾಳಿ, ಉಡುಪಿ

ಪ್ರೀತಿಯ ಸುಹಾಸನಿಗೆ ಮಾವನ ಆಶೀರ್ವಾದಗಳು.

ವಾಟ್ಸಾಪಿನಲ್ಲಿ ಬರೆದರೆ ನೀನು ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸಿಬಿಡುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಷ್ಟಮಿಗೆ ಬಂದಾಗ ಚಾವಡಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದು ತೋರಿಸಿದೆಯಲ್ಲ, ಅದು ಇನ್ನೂ ತಲೆಯಲ್ಲೇ ಉಂಟು. ಕಂಪನಿ ಮುಚ್ಚಿ ಬಿಟ್ಟುಹೋದ ಕಂಪ್ಯೂಟರ್ ಆಟ. ಅದನ್ನು ನೀವು ನಾಲ್ಕು ಹುಡುಗರು ಸೇರಿ, ಆಡುವವರನ್ನೆಲ್ಲ ಒಟ್ಟು ಸೇರಿಸುವ ಸರ್ವರ್ ಎಂಬ ಕಂಪ್ಯೂಟರ್ ಇಟ್ಟು ಮತ್ತೆ ಎಬ್ಬಿಸಿದ್ದೀರಿ. ರಾತ್ರಿ ಹನ್ನೊಂದು ಗಂಟೆಗೆ ನಾನೂರು ಜನ ಒಟ್ಟಿಗೆ ಆಡುತ್ತಾರೆ ಅಂದೆ. ನಮ್ಮ ಕಡೆ ಆಟ ಅಂದರೆ ಯಕ್ಷಗಾನ. ನಿನ್ನ ಆಟ ನನಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಬ್ರೆಜಿಲಿನ ಯಾರೋ ಒಬ್ಬ ನಿನಗೆ ಥ್ಯಾಂಕ್ಸ್ ಹೇಳಿ ಬರೆದದ್ದನ್ನು ಓದುವಾಗ ನಿನ್ನ ಮುಖ ಹೇಗಿತ್ತು ಅಂತ ನೋಡಿದೆ. ಅದು ಅರ್ಥವಾಯಿತು.

ಹೊರಡುವಾಗ ಗೇಟಿನ ಹತ್ತಿರ ಒಂದು ಮಾತು ಹೇಳಿದೆ. "ಮಾವ, ಮುಂದಿನ ತಿಂಗಳಿಂದ ಡೊನೇಷನ್ ಶುರು. ಐನೂರು ಕೊಟ್ಟವರಿಗೆ ಆಟದೊಳಗೆ ಬಂಗಾರದ ಖಡ್ಗ." ನಿನ್ನ ಬಸ್ಸಿಗೆ ಹೊತ್ತಾಗಿತ್ತು, ನಾನು ಸುಮ್ಮನಾದೆ. ಈಗ ಹೇಳುತ್ತೇನೆ. ಆ ಖಡ್ಗ ಮಾರಬೇಡ.

ಯಾಕೆ ಅಂತ ಹೇಳಲು ನನ್ನ ಕ್ಯಾಸೆಟ್ ಅಂಗಡಿಯಿಂದಲೇ ಶುರು ಮಾಡಬೇಕು. ಅಂಗಡಿ ಇತ್ತು ಅಂತ ನಿನಗೆ ಗೊತ್ತು. ಮುಚ್ಚಿದ್ದು ಯಾಕೆ ಅಂತ ನಿನ್ನ ಅಮ್ಮ ಹೇಳಿರಲಿಕ್ಕಿಲ್ಲ. ಮನೆಯಲ್ಲಿ ಯಾರೂ ಆ ಸುದ್ದಿ ಎತ್ತುವುದಿಲ್ಲ. ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ಎಂಟಡಿ ಅಗಲದ ಅಂಗಡಿ, ಎರಡು ಡಬಲ್ ಡೆಕ್ ಟೇಪ್ ರೆಕಾರ್ಡರ್. ಗಿರಾಕಿಗಳು ಚೀಟಿಯಲ್ಲಿ ಹನ್ನೆರಡು ಹಾಡು ಬರೆದು ಕೊಡುವುದು, ಸಂಜೆಯೊಳಗೆ ನಾನು ಅರುವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುವುದು. ಅದು ಹೊಟ್ಟೆಪಾಡು. ನನ್ನ ಜೀವ ಇದ್ದದ್ದು ಯಕ್ಷಗಾನದಲ್ಲಿ. ಹತ್ತಿರದಲ್ಲಿ ಎಲ್ಲಿ ಆಟ ಇದ್ದರೂ ಟೇಪ್ ಹೊತ್ತುಕೊಂಡು ಹೋಗಿ ರಂಗಸ್ಥಳದ ಪಕ್ಕ ಕೂರುತ್ತಿದ್ದೆ. ಬೆಳಗಿನವರೆಗೆ ತೊಂಬತ್ತು ನಿಮಿಷದ ಆರು ಕ್ಯಾಸೆಟ್ ಬೇಕು. ಮಗ್ಗುಲು ಬದಲಿಸುವಾಗ ಒಂದು ಪದ್ಯ ತಪ್ಪಿದರೂ ಎದೆ ಚುರ್ ಅನ್ನುತ್ತಿತ್ತು.

ಮೊದಲು ಗೆಳೆಯರಿಗೆ ಸುಮ್ನೆ ಕೊಡುತ್ತಿದ್ದೆ. ಆಮೇಲೆ ಖಾಲಿ ಕ್ಯಾಸೆಟ್ಟಿನ ದುಡ್ಡು ಮಾತ್ರ. ಆಮೇಲೆ ಕರೆಂಟು ಬಿಲ್ಲಿಗೆ ಅಂತ ಐದು ರೂಪಾಯಿ ಜಾಸ್ತಿ. ಒಂದು ದಿನ ನೋಡುವಾಗ ಅಂಗಡಿ ಮುಂದೆ ದರಪಟ್ಟಿಯ ಬೋರ್ಡೇ ನಿಂತಿತ್ತು. ಯಾವ ಐದು ರೂಪಾಯಿಗೆ ಗೆರೆ ದಾಟಿದೆ ಅಂತ ಈಗಲೂ ಗೊತ್ತಿಲ್ಲ ಮಾರಾಯ.

1994ರ ಮಳೆಗಾಲದಲ್ಲಿ ಒಂದು ಕ್ಯಾಸೆಟ್ ಕಂಪನಿಯವರು ಪೊಲೀಸರನ್ನು ಕರೆದುಕೊಂಡು ಬಂದರು. ಬೈಯಲಿಲ್ಲ, ಹೊಡೆಯಲಿಲ್ಲ. ಮಹಜರು ಬರೆಯಲು ಕೂತರು. ಸಿನಿಮಾ ಹಾಡಿನ ಜೊತೆ ಯಕ್ಷಗಾನದ್ದನ್ನೂ ಕಪಾಟಿನಿಂದ ಇಳಿಸಿದರು. ಲೇಬಲ್ ಎಲ್ಲ ನನ್ನದೇ ಕೈಬರಹ. ನೀಲಿ ಶಾಯಿಯಲ್ಲಿ ಪ್ರಸಂಗ, ಕೆಂಪಿನಲ್ಲಿ ಭಾಗವತರ ಹೆಸರು, ಮೂಲೆಯಲ್ಲಿ ತಾರೀಕು. ಬರೆಯುವ ಕಾನ್‌ಸ್ಟೇಬಲ್ ಘಟ್ಟದ ಮೇಲಿನವರು, ಪ್ರಸಂಗದ ಹೆಸರು ಅವರಿಗೆ ಹತ್ತುತ್ತಿರಲಿಲ್ಲ. "ನೀವೇ ಓದಿ ಹೇಳ್ರೀ" ಅಂದರು. ಮುನ್ನೂರ ಹನ್ನೆರಡು ಲೇಬಲ್ ಒಂದೊಂದಾಗಿ ನಾನೇ ಓದಿ ಹೇಳಿದೆ, ಅವರು ಬರೆದುಕೊಂಡರು. ಅಷ್ಟು ಚಂದ ಮಾಡಿ ಬರೆದಿಟ್ಟದ್ದೇ ನನ್ನ ಮೇಲಿನ ಸಾಕ್ಷಿಯಾಯಿತು. ಕೇಸು ಐದು ವರ್ಷ ಎಳೆದು ಕೊನೆಗೆ ರಾಜಿಯಲ್ಲಿ ಮುಗಿಯಿತು. ರಾಜಿಯ ದುಡ್ಡಿಗೆ ನಿನ್ನ ಅಮ್ಮನ ಬಳೆ ಅಡವಿಟ್ಟಿದ್ದೆ. ಬಿಡಿಸಿ ಕೊಟ್ಟೆ, ಆದರೆ ನೀನು ಹುಟ್ಟಿದ ಮೇಲೆ.

ಡಿಸ್ಕಾರ್ಡ್ ಅಂತ ನಿಮ್ಮ ಆಟಗಾರರ ಹರಟೆಯ ಗುಂಪು ಉಂಟಲ್ಲ, ಅದರಲ್ಲಿ ಯಾರು ಎಷ್ಟು ಕೊಟ್ಟರು, ಯಾರಿಗೆ ಯಾವ ಖಡ್ಗ ಅಂತ ನೀವು ಚಂದ ಮಾಡಿ ಬರೆದಿಡುತ್ತೀರಿ, ಅಲ್ವಾ?

ನೀನು ನೊಸ್ಟಾಲ್ರಿಯಸ್ ಸರ್ವರಿನ ಕತೆ ಹೇಳಿ, ನೋಡಿ ಮಾವ, ಅಭಿಮಾನಿಗಳು ಗೆದ್ದರು ಅಂದಿದ್ದೆ. ಓದಿ ನೋಡಿದೆ. ನೀನು ಅರ್ಧವೇ ಹೇಳಿದ್ದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟವನ್ನು ಅದರ ಮೊದಲಿನ ರೂಪದಲ್ಲಿ ಆಡಿಸುತ್ತಿದ್ದವರು ಅವರು. ಬ್ಲಿಝಾರ್ಡ್ ಕಂಪನಿಯ ವಕೀಲರ ನೋಟಿಸ್ ಬಂತು, 2016ರ ಏಪ್ರಿಲ್ 10ರಂದು ಮುಚ್ಚಿದರು. ಎರಡು ಲಕ್ಷಕ್ಕೂ ಜಾಸ್ತಿ ಜನ ಮನವಿಗೆ ಸಹಿ ಹಾಕಿದರು. 2019ರ ಆಗಸ್ಟಿನಲ್ಲಿ ಕಂಪನಿಯೇ ಹಳೆಯ ಆಟವನ್ನು ಕ್ಲಾಸಿಕ್ ಅಂತ ಹೆಸರಿಟ್ಟು ಬಿಟ್ಟಿತು. ಆಡುವವರು ಗೆದ್ದರು, ಒಪ್ಪಿದೆ. ಸರ್ವರ್ ಕಟ್ಟಿ ರಾತ್ರಿ ನಿದ್ದೆ ಬಿಟ್ಟವರ ಪಾಲಿಗೆ ಉಳಿದದ್ದು ಮುಚ್ಚಿದ ಬಾಗಿಲು. ಆದರೂ ಅವರು ಜಾಣರು. ಕಾಗದ ಬಂದ ಕೂಡಲೇ ಮುಚ್ಚಿದರು, ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬರಲಿಲ್ಲ.

ಅದೇ ಆಟದ ಇನ್ನೊಂದು ಸರ್ವರ್ ಸ್ಕೇಪ್‌ಗೇಮಿಂಗ್ ಅಂತ. ಅದರ ಕತೆ ನೀನು ಹೇಳಲೇ ಇಲ್ಲ. ಅವರು ದುಡ್ಡು ತೆಗೆದುಕೊಂಡು ಆಟದೊಳಗಿನ ಸಾಮಾನು ಕೊಡುತ್ತಿದ್ದರು. ನಿನ್ನ ಬಂಗಾರದ ಖಡ್ಗದ ಹಾಗೆಯೇ. ನಡೆಸುತ್ತಿದ್ದವರು ಕೋರ್ಟಿಗೆ ಉತ್ತರವನ್ನೂ ಕೊಡಲಿಲ್ಲ. 2010ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು ಎಂಟು ಕೋಟಿ ಎಂಬತ್ತೈದು ಲಕ್ಷ ಡಾಲರ್ ಕಟ್ಟಿ ಅಂತ ತೀರ್ಪು ಕೊಟ್ಟಿತು. ಆಗಿನ ದರದಲ್ಲಿ ಸುಮಾರು 400 ಕೋಟಿ ರೂಪಾಯಿ. ಲೆಕ್ಕ ಹಾಕಿದ ಕ್ರಮ ಕೇಳು. ಸಂಪಾದಿಸಿದ ದುಡ್ಡು ಮೂವತ್ತು ಲಕ್ಷ ಡಾಲರಿನಷ್ಟು, ಅದು ವಾಪಸ್. ಮಿಕ್ಕದ್ದು ಹೆಚ್ಚುಕಡಿಮೆ ಎಲ್ಲ ತಲೆಲೆಕ್ಕ. 4,27,393 ಬಳಕೆದಾರರು, ತಲೆಗೆ 200 ಡಾಲರ್. ನಾನೂರು ಜನ ಬಂದರು ಅಂತ ನೀನು ಖುಷಿಯಲ್ಲಿ ಹೇಳುವಾಗ ನನಗೆ ಈ ಗುಣಾಕಾರ ಗೊತ್ತಿರಲಿಲ್ಲ, ಒಳ್ಳೆಯದೇ ಆಯಿತು.

ಅದು ಅಮೆರಿಕದ ಮಾತು ಅನ್ನುತ್ತೀ. ಹೌದು. ಆದರೆ ಹೊರದೇಶದವರ ಕೃತಿಗೂ ನಮ್ಮಲ್ಲಿ ರಕ್ಷಣೆ ಉಂಟು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಲೆಕ್ಕಕ್ಕೇ ಹಾಕಿದ್ದಾರೆ. ನೀನು ಬರೆಯುವುದೂ ಸಾಹಿತ್ಯ, ಕಾರಂತರು ಬರೆದದ್ದೂ ಸಾಹಿತ್ಯ, ನಗಬೇಡ. 63ನೇ ಸೆಕ್ಷನಿನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಅದರ ಕೆಳಗೇ ಒಂದು ಸಾಲು ಉಂಟು, ಅದನ್ನು ಎರಡು ಸಲ ಓದು. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ, ತಕ್ಕ ಕಾರಣ ಕೊಟ್ಟು ಕೋರ್ಟು ಅದಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು. ಆಗ ನನ್ನ ವಕೀಲರು ಆ ಸಾಲಿಗೆ ಬೆರಳಿಟ್ಟು ನನ್ನ ಮುಖ ನೋಡಿದರು. ನಾನು ದರಪಟ್ಟಿಯ ಬೋರ್ಡ್ ನೆನೆದು ತಲೆ ತಗ್ಗಿಸಿದೆ.

ಸರ್ವರಿನ ಕೋಡ್ ಎಲ್ಲ ನಾವೇ ಬರೆದದ್ದು ಅಂತ ನೀನು ಹೇಳಿದ್ದನ್ನು ನಂಬುತ್ತೇನೆ. ಕಂಪ್ಯೂಟರುಗಳ ನಡುವಿನ ಮಾತುಕತೆ ಕೇಳಿ ಕೇಳಿ ಅದೇ ಭಾಷೆ ಮಾತಾಡುವ ಹೊಸ ಪ್ರೋಗ್ರಾಂ ಬರೆಯುವುದು ಸಣ್ಣ ಕೆಲಸ ಅಲ್ಲ. ಆದರೆ ಆಡುವವನ ಪರದೆಯ ಮೇಲೆ ಕಾಣುವ ಕಾಡು, ಕೋಟೆ, ಕುದುರೆ, ಸಂಗೀತ, ಪಾತ್ರಗಳ ಮಾತು? ಅದು ಯಾವುದೂ ನಿಮ್ಮದಲ್ಲ. ಅಮೆರಿಕದಲ್ಲಿ ಬಿನೆಟ್‌ಡಿ ಅಂತ ಒಂದು ಸರ್ವರ್ ಪ್ರೋಗ್ರಾಂ ಇತ್ತು. ಅಭಿಮಾನಿಗಳು ತಾವೇ ಬರೆದದ್ದು. ಅವರೂ 2005ರಲ್ಲಿ ಮೇಲಿನ ಕೋರ್ಟಿನಲ್ಲಿ ಸೋತರು. ಆಟ ಹಾಕಿಕೊಳ್ಳುವಾಗ ಓದದೆ ಒಪ್ಪಿಗೆ ಒತ್ತುತ್ತೀರಲ್ಲ, ಆ ಕರಾರು ಮುರಿದದ್ದು ಒಂದು. ಅಸಲಿ ಪ್ರತಿ ಹೌದೋ ಅಂತ ನೋಡುವ ಬೀಗವನ್ನು ದಾಟಿಸಿದ್ದು ಇನ್ನೊಂದು.

ಮುಚ್ಚಿದ ಆಟ, ಯಾರಿಗೂ ಬೇಡದ್ದು, ನಾವು ಉಳಿಸುತ್ತಿದ್ದೇವೆ ಅಂತ ನೀನು ಹೇಳಿದ್ದು ನನಗೆ ನಾಟಿದೆ. ಅದು ಸುಳ್ಳಲ್ಲ. ನಮ್ಮ ಓಣಿಯ ಕೊನೆಯ ಮನೆಗೆ ಬೀಗ ಹಾಕಿ ಹತ್ತು ವರ್ಷವಾಯಿತು, ವಾರಸುದಾರರೆಲ್ಲ ಮುಂಬೈಯಲ್ಲಿ. ನಿನ್ನ ಅತ್ತೆ ಆ ಅಂಗಳ ಗುಡಿಸುತ್ತಾಳೆ, ತುಳಸಿಗೆ ನೀರು ಹಾಕುತ್ತಾಳೆ, ಬಿದ್ದ ಮಾವಿನಕಾಯಿ ಹೆಕ್ಕಿ ಉಪ್ಪಿನಕಾಯಿ ಹಾಕುತ್ತಾಳೆ. ಅವರು ಬಂದಾಗ ಒಂದು ಭರಣಿ ಕೊಟ್ಟರೆ ಖುಷಿಯಲ್ಲೇ ಹೋಗುತ್ತಾರೆ. ಅದೇ ಮನೆಯನ್ನು ಮಣಿಪಾಲದ ಹುಡುಗರಿಗೆ ಬಾಡಿಗೆಗೆ ಕೊಟ್ಟು ತಿಂಗಳಿಗೆ ಎಂಟು ಸಾವಿರ ಎಣಿಸಿದರೆ? ನೀನು ಈಗ ಅಂಗಳ ಗುಡಿಸುತ್ತಿದ್ದೀ. ಡೊನೇಷನ್ ಅಂತ ಹೇಳಿ ಬಾಡಿಗೆ ಚೀಟಿ ಬರೆಯಲು ಹೊರಟಿದ್ದೀ. ಅಳಿಯಸಂತಾನದ ಕಾಲವಾಗಿದ್ದರೆ ನನ್ನ ಮನೆಯಾದರೂ ನಿನಗೆ ಬರುತ್ತಿತ್ತು. ಆ ಕಂಪನಿಯ ಮನೆ ಯಾವ ಕಟ್ಟಿನಲ್ಲೂ ನಿನಗೆ ಬರುವುದಿಲ್ಲ.

ವಾರಸುದಾರರೇ ಕೀಲಿಕೈ ಕೊಟ್ಟದ್ದೂ ಉಂಟು. ಸಿಟಿ ಆಫ್ ಹೀರೋಸ್ ಆಟವನ್ನು ಎನ್‌ಸಿಸಾಫ್ಟ್ ಎಂಬ ಕೊರಿಯಾದ ಕಂಪನಿ 2012ರ ನವೆಂಬರ್ 30ಕ್ಕೆ ಮುಚ್ಚಿತು. ಅಭಿಮಾನಿಗಳ ಒಂದು ಗುಂಪು ಗುಟ್ಟಾಗಿ ಆಡಿಸುತ್ತಿತ್ತು ಅಂತ 2019ರಲ್ಲಿ ಬಯಲಾಯಿತು. ಆಮೇಲೆ ಅಭಿಮಾನಿಗಳು ಹೋಮ್‌ಕಮಿಂಗ್ ಅಂತ ಹೆಸರಿಟ್ಟು ಬಹಿರಂಗವಾಗಿ ಸರ್ವರ್ ನಡೆಸಿದರು. ಆಟ ಎಲ್ಲರಿಗೂ ಉಚಿತ. ದೇಣಿಗೆ ತೆಗೆದುಕೊಳ್ಳುತ್ತಾರೆ, ಆದರೆ ಸರ್ವರಿನ ಖರ್ಚಿಗೆ ಬೇಕಾದಷ್ಟು ಬಂದ ಮೇಲೆ ಡಬ್ಬಿ ಮುಚ್ಚುತ್ತಾರೆ. 2024ರ ಜನವರಿಯಲ್ಲಿ ಕಂಪನಿ ಅವರಿಗೆ ಲೈಸೆನ್ಸ್ ಕೊಟ್ಟಿತು. ದೇಣಿಗೆಗೆ ಖಡ್ಗ ಕೊಡುವವರಿಗೆ ಅದು ಸಿಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಪ್ರತಿ ಕಂಪನಿಯೂ ಹಾಗೆ ಮಾಡೀತು ಅಂತ ಲೆಕ್ಕ ಹಾಕಿ ಕೂರಬೇಡ. ಕೇಳಿ ನೋಡುವುದಕ್ಕೆ ದುಡ್ಡಿಲ್ಲ, ಒಂದು ಕಾಗದ ಬರೆ.

ನಮ್ಮ ಊರಿನದ್ದೇ ಒಂದು ಕೇಸು ಹೇಳುತ್ತೇನೆ. ಕಾರಂತರು ಯಕ್ಷಗಾನವನ್ನು ಬ್ಯಾಲೆಯ ರೂಪಕ್ಕೆ ತಂದು ಯಕ್ಷರಂಗ ಅಂತ ಕರೆದರು. ಅದರ ಹಕ್ಕನ್ನು ಉಯಿಲಿನಲ್ಲಿ ತಮ್ಮ ಆಪ್ತರಿಗೆ ಬರೆದಿಟ್ಟು 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಸಂಸ್ಥೆಯೊಂದು ಅದನ್ನು ದೆಹಲಿಯಲ್ಲಿ ಆಡಿಸಿತು, ಅನುಮತಿ ಕೇಳಲಿಲ್ಲ ಅಂತ ಕೇಸಾಯಿತು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಪು ಬಂತು. ಕೃತಿಯ ಹಕ್ಕು ಉಯಿಲಿನಲ್ಲಿ ಪಡೆದವರದ್ದೇ. ಆದರೆ ಶಿಕ್ಷಣ ಸಂಸ್ಥೆಯೊಳಗಿನ ಪ್ರದರ್ಶನ, ದುಡ್ಡು ಕೊಡದ ಪ್ರೇಕ್ಷಕರ ಮುಂದಿನ ಪ್ರದರ್ಶನ, ಇಂಥದ್ದಕ್ಕೆ ಕಾಯ್ದೆಯಲ್ಲಿರುವ ವಿನಾಯಿತಿ ಸಂಸ್ಥೆಗೂ ಸಿಗುತ್ತದೆ ಅಂದರು. ಅಲ್ಲಿಯೂ ನೋಡು, ಟಿಕೆಟಿನ ಮಾತು ಬಂತು. ಹಾಗಂತ ನೀನು ಕುಣಿಯಬೇಡ. ಆ ವಿನಾಯಿತಿ ರಂಗದ ಮೇಲೆ ಆಡುವುದಕ್ಕೆ, ಆಟದ ಫೈಲು ಹಂಚುವುದಕ್ಕಲ್ಲ.

ಇನ್ನೊಂದು ಮಾತು. ಇದು ನನಗೆ ಕಂಪನಿಯ ವಿಷಯಕ್ಕಿಂತ ಜಾಸ್ತಿ ಚುಚ್ಚಿದ್ದು. ನೀವೇ ಹೊಸದಾಗಿ ಮಾಡಿದ ಭಾಗ ತೋರಿಸಿದೆಯಲ್ಲ, ಮಲ್ಪೆಯ ದೋಣಿಗಳು, ಸೈಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು, ಅಲ್ಲಿ ಕಾದು ನಿಂತ ಬಣ್ಣದ ವೇಷದ ರಾಕ್ಷಸ. ಚಂದ ಉಂಟು. ಅದನ್ನು ನೋಡುವಾಗ ನೀನು ಉಳಿದದ್ದನ್ನೆಲ್ಲ ಬಿಟ್ಟು ಇದನ್ನೇ ಬೆಳೆಸಬಾರದಾ ಅನ್ನಿಸಿತು. ಆದರೆ ರಾಕ್ಷಸ ಬರುವಾಗ ಚೆಂಡೆ ಹೊಡೆಯಿತು, ಹಿಂದೆ ಎರಡು ಸಾಲು ಪದ್ಯ ಬಂತು. ಆ ಸ್ವರ ಯಾರದ್ದು ಅಂತ ನನಗೆ ಮೊದಲ ಅಕ್ಷರಕ್ಕೇ ಗೊತ್ತಾಯಿತು. ಆರಾರು ಕ್ಯಾಸೆಟ್ ತುಂಬಿಸಿ ಕೇಳಿದ ಸ್ವರ ಅದು. ಎಲ್ಲಿಂದ ತೆಗೆದೆ? ಯೂಟ್ಯೂಬಿನಿಂದ, ಅಲ್ವಾ? ಆ ಭಾಗವತರ ಮಗ ಈಗ ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಾನೆ. ಅವನನ್ನು ಕೇಳಿದೆಯಾ? ಹಾಡಿದವರಿಗೂ ಕಾಯ್ದೆಯಲ್ಲಿ 50 ವರ್ಷದ ಹಕ್ಕು ಉಂಟು. ಕಂಪನಿಯವರ ನೋಟಿಸಿಗೆ ಹೆದರುವ ನೀನು ಇವನಿಗೆ ಹೆದರಲಿಲ್ಲ, ಯಾಕೆಂದರೆ ಇವನು ನೋಟಿಸ್ ಕಳುಹಿಸುವವನಲ್ಲ. ನಾನೂ ಹಾಗೆಯೇ ಇದ್ದೆ. ಬೆಳಗಿನವರೆಗೆ ಅವರ ಪಕ್ಕದಲ್ಲೇ ಕೂತು ರೆಕಾರ್ಡ್ ಮಾಡಿದೆ, ಮಾರಿದೆ, ಒಂದು ಪೈಸೆ ಅವರ ಕೈಗಿಟ್ಟವನಲ್ಲ.

ದೈವದ ವೇಷ ಮಾತ್ರ ಆಟದೊಳಗೆ ತರಬೇಡ. ಅದಕ್ಕೆ ಕಾಪಿರೈಟ್ ಏನೂ ಇಲ್ಲ, ಊರಿನ ಮಾತು ಅಷ್ಟೇ.

ಈಗ ಏನು ಮಾಡುವುದು ಅಂತ ಕೇಳಿದರೆ, ಮೊದಲು ಆ ಡೊನೇಷನ್ ಪುಟ ತೆಗೆದುಹಾಕು. ಸರ್ವರಿಗೆ ತಿಂಗಳಿಗೆ ಮೂರು ಸಾವಿರ ಅಂದಿದ್ದೆ. ನಾಲ್ಕು ಜನ ಹಂಚಿಕೊಂಡರೆ ಒಬ್ಬನಿಗೆ ಒಂದು ಸಿನಿಮಾ, ಒಂದು ಗಡ್‌ಬಡ್ ಕಡಿಮೆ. ಸಾಲದಿದ್ದರೆ ನನ್ನ ಪೆನ್ಶನ್ ಉಂಟು, ಸಾಮಾನಿಗೆ ಅಂತ ಅಲ್ಲ, ಸುಮ್ನೆ. ಆಟದ ಹೆಸರು, ಕಂಪನಿಯ ಲಾಂಛನ ನಿಮ್ಮ ಪುಟದ ತಲೆಯ ಮೇಲೆ ದೊಡ್ಡದಾಗಿ ಉಂಟಲ್ಲ, ಅದನ್ನೂ ಇಳಿಸು. ಹೆಸರಿಗೆ ಬೇರೆಯೇ ಕಾಯ್ದೆ, ಅದು ಟ್ರೇಡ್‌ಮಾರ್ಕ್. ಮ್ಯಾಪು ಮಾಡಿ ಕೊಟ್ಟ ಹುಡುಗರ ಹತ್ತಿರ ಒಂದೊಂದು ಚೀಟಿ ಬರೆಸಿಕೋ. ನಾಳೆ ನೀವು ಸ್ವಂತ ಆಟ ಮಾಡುವಾಗ ಇದು ನನ್ನದು ಅಂತ ಒಬ್ಬನಾದರೂ ಬಂದೇ ಬರುತ್ತಾನೆ, ನಾಲ್ಕು ಜನರ ಅಂಗಡಿಯಲ್ಲಿ ಆಗುವುದೇ ಹಾಗೆ. ನೋಟಿಸ್ ಬಂದರೆ ಅಡಗಿಸಿಡಬೇಡ, ಆ ದಿನವೇ ನನಗೆ ಫೋನ್ ಮಾಡು. ನನ್ನ ವಕೀಲರು ಈಗಲೂ ಇದ್ದಾರೆ, ಕಿವಿ ಸ್ವಲ್ಪ ಮಂದ.

ಬ್ರಹ್ಮಾವರದ ಕಡೆ ಒಬ್ಬ ಚೆಂಡೆಯವರಿಗೆ ಹೇಳಿಟ್ಟಿದ್ದೇನೆ, ಬರುವ ಭಾನುವಾರ ಮನೆಗೆ ಬರುತ್ತಾರೆ. ನೀನು ಮೈಕು ತಾ. ನಿನಗೆ ಬೇಕಾದಷ್ಟು ಹೊಡೆಸಿಕೋ, ಕೈಯಲ್ಲಿ ಎರಡು ಸಾವಿರ ಇಟ್ಟು ಕಾಗದಕ್ಕೆ ಸಹಿ ತೆಗೆದುಕೋ. ಪದ್ಯಕ್ಕೆ ಆ ಭಾಗವತರ ಮಗನನ್ನೇ ಕೇಳುವ, ಅವನಿಗೂ ಸ್ವರ ಉಂಟು. ಜೊತೆಗೆ ಹೋಗುವ, ನನಗೂ ಅವನ ಹತ್ತಿರ ಮಾತಾಡಲಿಕ್ಕೆ ಬಾಕಿ ಉಂಟು. ಮಹಜರಿನ ದಿನ ನನ್ನ ಬ್ಯಾಗಿನಲ್ಲಿ ಉಳಿದುಹೋದ ಒಂದು ಕ್ಯಾಸೆಟ್ ಅವನ ಅಪ್ಪನದ್ದು, ಅದನ್ನು ಅವನಿಗೆ ಕೊಡಬೇಕು. ಅತ್ತೆ ಪತ್ರೊಡೆ ಮಾಡುತ್ತಾಳಂತೆ, ಕೆಸುವಿನ ಎಲೆ ಆ ಬೀಗ ಹಾಕಿದ ಮನೆಯ ಹಿತ್ತಲಿನದ್ದು.

ಇತಿ ನಿನ್ನ,
ಮಾವ