ವಿದೇಶದ ಕರೆಗೆ ಸ್ಥಳೀಯ ನಂಬರ್: ಮುಚ್ಚಿದ ದೂರಿನ ಮೇಲೆ ಮೇಲ್ಮನವಿ

ಇವರಿಗೆ,
ಮೇಲ್ಮನವಿ ಪ್ರಾಧಿಕಾರ, ಗ್ರಾಹಕ ದೂರು ವಿಭಾಗ, ಕರ್ನಾಟಕ ವಲಯ

ಮಾನ್ಯರೇ,

ಕೊಲ್ಲಿ ದೇಶಗಳಿಂದ ಉಡುಪಿ, ಭಟ್ಕಳದ ಮನೆಗಳಿಗೆ ಬರುವ ಕರೆಗಳಲ್ಲಿ ಯುಎಇ, ಸೌದಿಯ ದೇಶ ಸಂಕೇತಗಳಾದ 971, 966ರ ಬದಲು ನಿಮ್ಮ ಕಂಪನಿಯ ಹತ್ತಂಕಿಯ ಮೊಬೈಲ್ ನಂಬರ್ ಕಾಣಿಸುತ್ತಿದೆ. ಮಾತು ತುಂಡು ತುಂಡಾಗಿ ಕೇಳಿಸುತ್ತದೆ, ತಿರುಗಿ ಕರೆ ಮಾಡಿದರೆ ಸ್ವಿಚ್ ಆಫ್. ನಿಮ್ಮ ದೂರು ಕೇಂದ್ರ 'ಸ್ಥಳೀಯ ಕರೆ, ನೆಟ್‌ವರ್ಕ್ ಸರಿಯಿದೆ' ಎಂದು ಬರೆದು ಡಾಕೆಟ್ (ದೂರಿನ ದಾಖಲೆ) ಮುಚ್ಚಿದೆ. ಇದು ಸ್ಥಳೀಯ ಕರೆಯಲ್ಲ, ಸಿಮ್ ಬಾಕ್ಸ್ ಕರೆ, ಅಂದರೆ ಹಲವು ಸಿಮ್ ತುಂಬಿದ ಪೆಟ್ಟಿಗೆಯ ಮೂಲಕ ಕಳ್ಳದಾರಿಯಲ್ಲಿ ಬಂದ ವಿದೇಶದ ಕರೆ.

ದೇಶದೊಳಗೆ ಒಂದು ಕಂಪನಿ ಇನ್ನೊಂದಕ್ಕೆ ಕೊಡುತ್ತಿದ್ದ ಸಂಪರ್ಕ ಶುಲ್ಕ 2017ರ ಅಕ್ಟೋಬರ್‌ನಲ್ಲಿ ನಿಮಿಷಕ್ಕೆ 14 ಪೈಸೆಯಿಂದ 6ಕ್ಕೆ ಇಳಿದು, 2021ರ ಜನವರಿ 1ರಿಂದ ಸೊನ್ನೆಯಾಯಿತು. ಹೊರದೇಶದಿಂದ ಬರುವ ಕರೆಯ ಶುಲ್ಕಕ್ಕೆ ಮಾತ್ರ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2020ರ ಮೇ ತಿಂಗಳಿಂದ ನಿಮಿಷಕ್ಕೆ 35ರಿಂದ 65 ಪೈಸೆಯ ಮಿತಿ ಇಟ್ಟಿತು. ಕಳ್ಳದಾರಿಯವರ ಲಾಭ ಇರುವುದು ಈ ಅಂತರದಲ್ಲೇ. ಕರೆ ಇಂಟರ್ನೆಟ್‌ನಲ್ಲಿ ದೇಶದೊಳಗೆ ಬರುತ್ತದೆ. ಬಾಡಿಗೆ ಕೋಣೆಯ ಪೆಟ್ಟಿಗೆಯಲ್ಲಿರುವ ಸಿಮ್ ಅದನ್ನು ಲೋಕಲ್ ಕರೆಯಾಗಿ ಹೊರಡಿಸುತ್ತದೆ. ಅನ್‌ಲಿಮಿಟೆಡ್ ಪ್ಲಾನ್ ಇದ್ದರೆ ನಿಮಿಷದ ಖರ್ಚೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಆರಂಭಿಸಿದ ತಡೆ ವ್ಯವಸ್ಥೆ ವಿದೇಶದ ಕರೆಗಳು ದೇಶದೊಳಗೆ ಬರುವ ಅಧಿಕೃತ ದ್ವಾರವಾದ ಅಂತಾರಾಷ್ಟ್ರೀಯ ಗೇಟ್‌ವೇಗೆ ಸುಳ್ಳು +91 ಹೊತ್ತು ಬರುವ ಕರೆಯನ್ನು ಹಿಡಿಯುತ್ತದೆ. ಸಿಮ್ ಬಾಕ್ಸ್ ಕರೆ ಆ ಗೇಟ್‌ವೇಯತ್ತ ಸುಳಿಯುವುದೇ ಇಲ್ಲ.

ಹಾಗಾಗಿ ಹಿಡಿಯಬೇಕಾದವರು ಸಿಮ್ ಕೊಟ್ಟ ನೀವೇ. ಗುರುತುಗಳೆಲ್ಲ ನಿಮ್ಮ ಕರೆ ದಾಖಲೆಯಲ್ಲಿವೆ: ಒಂದೇ ಟವರ್ ಸೆಕ್ಟರ್ ಬಿಟ್ಟು ಕದಲದ ಸಿಮ್, ಬಿಡುವಿಲ್ಲದೆ ಹೊರಹೋಗುವ ಕರೆ, ಪ್ರತಿ ಸಲ ಹೊಸ ನಂಬರ್, ಒಳಬರುವ ಕರೆ ಇಲ್ಲವೇ ಇಲ್ಲ, ಒಂದೇ ಐಎಂಇಐನಲ್ಲಿ (ಸಾಧನದ ಗುರುತಿನ ಸಂಖ್ಯೆ) ಸರದಿಯಾಗಿ ಹಲವು ಸಿಮ್. ಐಎಂಇಐ ಬದಲಿಸುವ ಪೆಟ್ಟಿಗೆಗಳೂ ಇವೆ. ಅವುಗಳಿಗೆ ಪರೀಕ್ಷಾ ಕರೆಯೇ ಮದ್ದು. ದುಬೈನಿಂದ ಅಗ್ಗದ ಕಾಲಿಂಗ್ ಕಾರ್ಡ್‌ನಲ್ಲಿ ನಿಮ್ಮದೇ ಪರೀಕ್ಷಾ ನಂಬರ್‌ಗೆ ಕರೆ ಮಾಡಿಸಿ, ಕಾಣಿಸಿಕೊಂಡ ನಂಬರನ್ನು ಆಗಲೇ ಬಂದ್ ಮಾಡಿ.

ಶುಲ್ಕ ತಪ್ಪಿಸುವ ಚಟ ಹೊಸದಲ್ಲ. ಎರಡು ದಶಕದ ಹಿಂದೆ ವಿದೇಶದ ಕರೆಗಳನ್ನು ಸ್ಥಳೀಯವೆಂದು ತೋರಿಸಿದ್ದಕ್ಕೆ ರಿಲಯನ್ಸ್ ಇನ್ಫೋಕಾಂಗೆ ದೂರಸಂಪರ್ಕ ಇಲಾಖೆ 150 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಇಂಥ ದಂಡ ಹೋಗುವುದು ಸರ್ಕಾರಕ್ಕೆ, ತೊಂದರೆಪಟ್ಟ ಗ್ರಾಹಕನಿಗಲ್ಲ. ನಮಗೆ ತಲೆಗೆ 9 ಸಿಮ್‌ಗಳ ಮಿತಿ, ಪ್ರತಿ ಸಿಮ್‌ಗೂ ಗುರುತಿನ ದಾಖಲೆ. ಏಜೆಂಟ್ ಕಟ್ಟುಗಟ್ಟಲೆ ಸಿಮ್ ಚಾಲೂ ಮಾಡಿದರೆ ಮಾತ್ರ ಕೇಳುವವರಿಲ್ಲ. ಇದ್ಯಾವ ನ್ಯಾಯ?

ಡಾಕೆಟ್ ಮತ್ತೆ ತೆರೆಯಿರಿ. ಲಗತ್ತಿಸಿದ ನಂಬರ್‌ಗಳನ್ನು ಯಾವ ಅಂಗಡಿ ಚಾಲೂ ಮಾಡಿತು ಎಂದು ಪತ್ತೆ ಹಚ್ಚಿ ದೂರಸಂಪರ್ಕ ಇಲಾಖೆಗೆ ವರದಿ ಕೊಡಿ. ಸರ್ಕಾರದ ದೂರಸಂಪರ್ಕ ದೂರು ಪೋರ್ಟಲ್ ಸಂಚಾರ ಸಾಥಿಯಲ್ಲಿ ನಾವೂ ದೂರು ದಾಖಲಿಸಿದ್ದೇವೆ. ಮೇಲ್ಮನವಿಗೆ ನಿಯಮದ ಗಡುವು 39 ದಿನ. ಅಷ್ಟರೊಳಗೆ ಲಿಖಿತ ಉತ್ತರ ಬೇಕು.

ಇಂತಿ,
ದೂರುದಾರ ಗ್ರಾಹಕರು

ಲಗತ್ತು: ಕರೆಗಳ ಸ್ಕ್ರೀನ್‌ಶಾಟ್, ಎರಡೂ ದೇಶಗಳ ಸಮಯ, ಕರೆಯ ಅವಧಿ, ಮುಚ್ಚಿದ ಡಾಕೆಟ್‌ನ ಪ್ರತಿ