ಪೋಕರ್ ದಾಖಲೆ ಅಳಿಸದಿರಲಿ

ಮಾನ್ಯರೇ,

ಹಣ ಕಟ್ಟಿ ಆಡುವ ಇಸ್ಪೀಟ್ ಆಟವಾದ ಪೋಕರ್‌ನಲ್ಲಿ, ಆನ್‌ಲೈನ್ ತಾಣ ನಡೆಸುವ ಕಂಪನಿಯ ಒಳಗಿನವರೇ ಎದುರಾಳಿಗಳ ಎಲೆ ನೋಡಿಕೊಂಡು ಆಡಿದರೆ, ಸೋತವರಿಗೆ ಅದು ಬರೀ ದುರದೃಷ್ಟದಂತೆ ಕಾಣುತ್ತದೆ. 2007ರಲ್ಲಿ ಅಬ್ಸಲ್ಯೂಟ್ ಪೋಕರ್ ತಾಣದಲ್ಲಿ ಆದದ್ದು ಇದೇ. ಆ ಮೋಸ ಹಿಡಿದವರು ಆಟಗಾರರೇ. ಎಲ್ಲರ ಎಲೆಗಳೂ ಇದ್ದ ಒಂದು ಟೂರ್ನಿಯ ಪೂರ್ತಿ ದಾಖಲೆ ಅವರ ಕೈಸೇರಿತ್ತು. ಅಲ್ಟಿಮೇಟ್‌ಬೆಟ್ ಎಂಬ ಇನ್ನೊಂದು ಪೋಕರ್ ತಾಣದಲ್ಲಂತೂ ಇಂಥ ಮೋಸ ವರ್ಷಗಟ್ಟಲೆ ನಡೆಯಿತು. ದಾಖಲೆಯೇ ಇಲ್ಲದಿದ್ದರೆ ಅನುಮಾನ ಸಾಬೀತಾಗುವುದು ಹೇಗೆ?

2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಮ್ಮಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆದರೆ ಅದಕ್ಕೂ ಮೊದಲು ಹಣ ಕಳೆದುಕೊಂಡವರ ದೂರುಗಳಿಗೆ ಉತ್ತರ ಬೇಕಲ್ವಾ? ಕಂಪನಿಗಳು ಹಳೆಯ ಆಟಗಳ ದಾಖಲೆ ಅಳಿಸದಂತೆ ಕೇಂದ್ರ ಸರ್ಕಾರ ಆದೇಶಿಸಲಿ. ದೂರು ಬಂದ ಆಟಗಳನ್ನು ಹೊರಗಿನ ತಜ್ಞರಿಂದ ಪರಿಶೀಲನೆ ಮಾಡಿಸಲಿ.

– ಓದುಗ, ಬೆಂಗಳೂರು